ಸೆಲ್ಫ್ ತಿರುಗಿತು, ಎಂಜಿನ್ ಚಾಲೂ ಆಗಲಿಲ್ಲ

ಮುಂಬೈನ ಆಂಟಾಪ್ ಹಿಲ್ ಸುತ್ತಮುತ್ತ ಪಿಕಪ್ ಗಾಡಿಗಳಿಗೆ ಕೊರತೆಯಿಲ್ಲ. ಒಂದು ಮಗ್ಗುಲಲ್ಲಿ ಉಗ್ರಾಣಗಳ ಸಾಲು, ಇನ್ನೊಂದು ಮಗ್ಗುಲಲ್ಲಿ ವಡಾಲಾ ಟ್ರಕ್ ಟರ್ಮಿನಲ್. ಎಂಎಚ್-03 ನೋಂದಣಿಯ ಮುಂಬೈ ಪೂರ್ವ ಆರ್‌ಟಿಒ ಕಚೇರಿ ಇರುವುದೂ ಅಲ್ಲೇ. ದೂರದ ಊರುಗಳಿಂದ ದೊಡ್ಡ ಲಾರಿಗಳು ತಂದಿಳಿಸಿದ ಸರಕು ಇಲ್ಲಿಂದ ಬೊಲೆರೋ ಪಿಕಪ್, ಟಾಟಾ ಏಸ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್‌ಗಳಿಗೆ ಏರಿ ಸಾಯನ್, ಮಾಟುಂಗಾ, ದಾದರ್‌ಗಳ ಗಲ್ಲಿಗಳನ್ನು ಸೇರುತ್ತದೆ. ವಾಶಿಯ ಎಪಿಎಂಸಿಯಿಂದ ತರಕಾರಿ ತರುವ ಗಾಡಿಗಳೂ ಇದೇ ದಿಕ್ಕಿನಲ್ಲಿ ಓಡಾಡುತ್ತವೆ. ಮಾಟುಂಗಾದ ಉಡುಪಿ ಹೋಟೆಲಿನ ಬೆಳಗಿನ ಸಾಂಬಾರು ಹೊತ್ತಿಗೆ ಸರಿಯಾಗಿ ಕುದಿಯಬೇಕಾದರೆ ಇಂಥದ್ದೊಂದು ಗಾಡಿ ನಸುಕಿನಲ್ಲೇ ಚಾಲೂ ಆಗಿರಬೇಕು.

ಚಾಲೂ ಆಗದ ದಿನ ಚಾಲಕನಿಗೆ ಎರಡು ಪೆಟ್ಟು. ಆ ದಿನದ ಬಾಡಿಗೆ ಹೋಗುತ್ತದೆ, ಮೇಲೆ ಗ್ಯಾರೇಜಿನ ಬಿಲ್ಲು ಬರುತ್ತದೆ. ಎರಡನೆಯ ಪೆಟ್ಟು ಎಷ್ಟು ಜೋರಾಗಿರುತ್ತದೆ ಎಂಬುದು ಗಾಡಿಗೆ ಏನಾಗಿದೆ ಎನ್ನುವುದಕ್ಕಿಂತ ಹೆಚ್ಚಾಗಿ, ಏನಾಗಿದೆ ಎಂದು ಪತ್ತೆ ಹಚ್ಚಿದ ರೀತಿಯನ್ನು ಅವಲಂಬಿಸಿದೆ. ಮೊದಲು ಬ್ಯಾಟರಿ ಬದಲಿಸಿ, ಗುಣವಾಗದಿದ್ದರೆ ಸೆಲ್ಫ್ ಮೋಟಾರು ಬದಲಿಸಿ, ಅದೂ ಆಗದಿದ್ದರೆ ಪಂಪು ಬಿಚ್ಚಿ, ಕೊನೆಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಮೇಲೆ ಅನುಮಾನಪಡುವ ಪದ್ಧತಿ ನಮ್ಮ ಬಹಳಷ್ಟು ಗ್ಯಾರೇಜುಗಳಲ್ಲಿ ಇವತ್ತಿಗೂ ನಡೆದಿದೆ. ಅಷ್ಟೂ ಊಹೆಗಳ ಖರ್ಚು ಬೀಳುವುದು ಗಾಡಿ ಮಾಲೀಕನ ಮೇಲೆ. ಆದರೆ ಡೀಸೆಲ್ ಪಿಕಪ್ಪಿನ ಹೆಚ್ಚಿನ ದೋಷಗಳನ್ನು ಒಂದು ಮಲ್ಟಿಮೀಟರ್, ಒಂದು ಸ್ಕ್ಯಾನರ್ ಮತ್ತು ಸರಿಯಾದ ಅನುಕ್ರಮ ಇದ್ದರೆ ಒಂದೇ ಒಂದು ಭಾಗವನ್ನೂ ಬದಲಿಸದೆ ಗುರುತಿಸಬಹುದು.

ಊಹಿಸಿ ಬದಲಿಸುವ ಈ ಅಭ್ಯಾಸಕ್ಕೆ ಒಂದು ಹಿನ್ನೆಲೆಯಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಮೈಕೋ, ದಶಕಗಳ ಕಾಲ ದೇಶದ ಡೀಸೆಲ್ ಗಾಡಿಗಳಿಗೆ ಇಂಧನ ಪಂಪು ಮತ್ತು ನಾಜಲ್ ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಹಳೆಯ ಮೇಸ್ತ್ರಿಗಳಿಗೆ ಅದು ಮೈಕೋ ಪಂಪೇ. ಆ ಕಾಲದ ಎಂಜಿನ್ ಪೂರ್ತಿ ಯಾಂತ್ರಿಕ. ಡೀಸೆಲ್ ಬಂದರೆ, ಗಾಳಿ ಬಂದರೆ, ಕಂಪ್ರೆಶನ್ ಸರಿಯಿದ್ದರೆ ಅದು ಓಡಲೇಬೇಕು. ವಿದ್ಯುತ್ತು ಬೇಕಾಗುತ್ತಿದ್ದುದು ಮುಖ್ಯವಾಗಿ ಸೆಲ್ಫ್ ತಿರುಗಿಸಲು ಮತ್ತು ದೀಪ ಉರಿಸಲು. 2005ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ 702 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಕೂಡ ಅದೇ ಪರಂಪರೆಯದು. ಕಿವಿಗೊಟ್ಟು ಕೇಳಿ, ಹೊಗೆ ನೋಡಿ, ಪೈಪು ಮುಟ್ಟಿ ದೋಷ ಹೇಳುವ ಮೇಸ್ತ್ರಿಗಳು ಆ ಎಂಜಿನ್‌ಗಳ ಜೊತೆಗೇ ಬೆಳೆದರು. ಅವರ ಜ್ಞಾನ ಸಣ್ಣದಲ್ಲ.

ಆಮೇಲೆ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅಧಿಕ ಒತ್ತಡದ ಡೀಸೆಲ್ ಒದಗಿಸುವ ಕಾಮನ್ ರೇಲ್ ಬಂತು. 2010ರ ಏಪ್ರಿಲ್ 1ರಿಂದ ಮುಂಬೈ ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ಹೊಗೆ ಮಾನದಂಡ, 2017ರಿಂದ ಇಡೀ ದೇಶಕ್ಕೆ ಅದೇ ಮಾನದಂಡ, 2020ರ ಏಪ್ರಿಲ್ 1ರಿಂದ ಬಿಎಸ್-6. ಡೀಸೆಲ್‌ನಲ್ಲಿರುವ ಗಂಧಕದ ಮಿತಿ ಬಿಎಸ್-4ರಲ್ಲಿ 50 ಪಿಪಿಎಂ ಇದ್ದದ್ದು ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಈಗ ಪಂಪಿನ ಕೆಲಸ ಒತ್ತಡ ತುಂಬುವುದಷ್ಟೇ. ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಡೀಸೆಲ್ ಎಂದು ತೀರ್ಮಾನಿಸುವುದು ಇಸಿಯು. ಆ ತೀರ್ಮಾನಕ್ಕೆ ಆಧಾರ ಸೆನ್ಸಾರ್‌ಗಳು ಕಳಿಸುವ ಸಂಕೇತ. ಆದ್ದರಿಂದ ಇವತ್ತಿನ ಪಿಕಪ್ಪಿನಲ್ಲಿ ಎಂಜಿನ್ ದೋಷ, ವೈರಿಂಗ್ ದೋಷ ಎಂದು ಎರಡು ಬೇರೆ ಖಾತೆಗಳಿಲ್ಲ. ತುಕ್ಕು ಹಿಡಿದ ಒಂದು ಕಪ್ಲರ್ ಥೇಟ್ ಕೆಟ್ಟ ಪಂಪಿನ ಲಕ್ಷಣವನ್ನೇ ತೋರಿಸಬಲ್ಲದು.

ಹಾಗಾಗಿ ಪರೀಕ್ಷೆ ಶುರುವಾಗಬೇಕಾದ್ದು ಬ್ಯಾಟರಿಯಿಂದ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ತಿ ಚಾರ್ಜ್ ಆಗಿದೆ. 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಕುಸಿಯಬಾರದು. ಕುಸಿದರೆ ಸೆಲ್ಫ್ ತಿರುಗಿದಂತೆ ಕಂಡರೂ ಇಸಿಯುಗೆ ಬೇಕಾದಷ್ಟು ವೋಲ್ಟೇಜ್ ಸಿಗದೆ ಇಂಜೆಕ್ಟರುಗಳು ತೆರೆಯದೇ ಇರಬಹುದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5ರ ನಡುವೆ ತೋರಿಸಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂದರ್ಥ. ಮೀಟರನ್ನು ಎಸಿಗೆ ತಿರುಗಿಸಿ ಅದೇ ಬ್ಯಾಟರಿಯ ಮೇಲೆ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆಲ್ಟರ್ನೇಟರಿನ ಒಳಗೆ ಡಯೋಡ್ ಹೋಗಿರುವ ಅನುಮಾನ ಬಲವಾಗುತ್ತದೆ. ಇಷ್ಟೆಲ್ಲ ನೋಡಲು ಹತ್ತು ನಿಮಿಷ ಸಾಕು.

ಆಂಟಾಪ್ ಹಿಲ್‌ನಂಥ ಜಾಗದಲ್ಲಿ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಅರ್ಥ್ ವೈರಿನದು. ವಡಾಲಾದ ಉಪ್ಪಿನ ಗದ್ದೆಗಳ ಜಮೀನು, ಶಿವಡಿಯ ಕೊಲ್ಲಿ ಇಲ್ಲಿಗೆ ಹತ್ತಿರ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ಲೋಹದ ಪ್ರತಿ ಜೋಡಣೆಯನ್ನೂ ಮೆಲ್ಲಗೆ ತಿನ್ನುತ್ತವೆ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯ ಬೋಲ್ಟು ಇರುವುದು ಕೆಳಗಡೆ, ಕೆಸರು ಸಿಡಿಯುವ ಜಾಗದಲ್ಲಿ. ಮೇಲಿಂದ ಬಗ್ಗಿ ನೋಡಿದರೆ ಬೋಲ್ಟು ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿದರೆ ವಾಷರಿನ ಕೆಳಗೆ ಹಸಿರು ಪುಡಿ, ಅದರ ಕೆಳಗೆ ತುಕ್ಕು.

ಇಲ್ಲಿ ಮೀಟರಿನ ಓಮ್ ಅಳತೆಯನ್ನು ನಂಬಿ ಮೋಸಹೋಗುವವರು ಬಹಳ. ಪಟ್ಟಿಯ ಹತ್ತಾರು ಎಳೆಗಳಲ್ಲಿ ನಾಲ್ಕೇ ಉಳಿದಿದ್ದರೂ ಮೀಟರು ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಏಕೆಂದರೆ ಅದು ಅಳೆಯುವಾಗ ಹರಿಸುವ ಕರೆಂಟು ಅತ್ಯಲ್ಪ. ಆದರೆ ಸೆಲ್ಫ್ ಮೋಟಾರು ಎಳೆಯುವುದು ಸುಮಾರು 200 ಆಂಪಿಯರ್. ಜೋಡಣೆಯಲ್ಲಿ ಕೇವಲ 0.01 ಓಮ್ ಪ್ರತಿರೋಧವಿದ್ದರೂ 200 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. 0.01 ಓಮನ್ನು ಗ್ಯಾರೇಜಿನ ಸಾಮಾನ್ಯ ಮೀಟರು ಹಿಡಿಯಲಾರದು. 2 ವೋಲ್ಟನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಆದ್ದರಿಂದ ಅಳೆಯಬೇಕಾದ್ದು ವೋಲ್ಟೇಜ್ ನಷ್ಟವನ್ನು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ ಒತ್ತಬೇಕು. ಕ್ಲಾಂಪಿನ ಮೇಲಲ್ಲ, ಸೀಸದ ಗೂಟದ ಮೇಲೆಯೇ. ಇನ್ನೊಂದು ಕಡ್ಡಿ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರು ನೋಡಬೇಕು. 0.2 ವೋಲ್ಟಿನ ಆಸುಪಾಸಿನಲ್ಲಿದ್ದರೆ ಅರ್ಥ್ ಸರಿಯಿದೆ. ಅರ್ಧ ವೋಲ್ಟು ದಾಟಿದರೆ ದೋಷ ಆ ದಾರಿಯಲ್ಲೇ ಇದೆ. ಪಟ್ಟಿ ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಕೆಲಸ ಮುಗಿಯಿತು. ಪಟ್ಟಿ ಸವೆದಿದ್ದರೆ ಹೊಸದು ಹಾಕಬೇಕು, ಅದೂ ದುಬಾರಿಯ ಮಾಲಲ್ಲ. ಈ ಒಂದು ಪರೀಕ್ಷೆ ಬಿಟ್ಟುಹೋದ ಕಾರಣಕ್ಕೆ ಒಳ್ಳೆಯ ಸೆಲ್ಫ್ ಮೋಟಾರುಗಳು, ಒಳ್ಳೆಯ ಬ್ಯಾಟರಿಗಳು ಗುಜರಿಗೆ ಹೋಗುತ್ತವೆ.

ಭಾನುವಾರ ನಿಂತ ಗಾಡಿ ಸೋಮವಾರ ಏಳದಿದ್ದರೆ ಬೇರೆಯದೇ ಕಾರಣ ಹುಡುಕಬೇಕು. ಜಿಪಿಎಸ್ ಟ್ರ್ಯಾಕರ್, ಹೆಚ್ಚುವರಿ ಎಲ್‌ಇಡಿ ದೀಪ, ಮ್ಯೂಸಿಕ್ ಸಿಸ್ಟಮ್, ಮೊಬೈಲ್ ಚಾರ್ಜರ್ ಇವೆಲ್ಲವನ್ನೂ ಸಿಕ್ಕ ವೈರಿಗೆ ತಗುಲಿಸಿ ಟೇಪು ಸುತ್ತುವುದು ಸಾಮಾನ್ಯ. ಬೀಗದ ಕೈ ತೆಗೆದ ಮೇಲೂ ಅವು ಅರ್ಧ ಆಂಪಿಯರ್ ಹೀರುತ್ತಿದ್ದರೆ ಎರಡು ದಿನದಲ್ಲಿ 24 ಆಂಪಿಯರ್-ಅವರ್ ಖಾಲಿ. ಎಲ್ಲ ಬಂದ್ ಮಾಡಿ, ಇಸಿಯು ನಿದ್ದೆಗೆ ಜಾರುವಷ್ಟು ಹೊತ್ತು ಬಿಟ್ಟು, ಬ್ಯಾಟರಿಯ ದಾರಿಯಲ್ಲಿ ಕರೆಂಟು ಅಳೆದರೆ 50 ಮಿಲಿ ಆಂಪಿಯರ್ ಒಳಗಿರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸು ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೆಯೋ ಕಳ್ಳ ಇರುವುದು ಆ ಸರ್ಕಿಟ್ಟಿನಲ್ಲಿ.

ಇನ್ನು ಎಲ್ಲ ಚಾಲಕರೂ ಹೇಳುವ ದೂರು: ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಲ್ಲಿ ಸ್ಕ್ಯಾನರ್ ತರುವ ಮೊದಲೇ ಎರಡು ಸಂಗತಿ ಗಮನಿಸಬಹುದು. ಸೆಲ್ಫ್ ತಿರುಗುವಾಗ ಆರ್‌ಪಿಎಂ ಮುಳ್ಳು ತುಸುವಾದರೂ ಅಲುಗುತ್ತದೆಯೇ? ಅಲುಗದಿದ್ದರೆ ಮೊದಲ ಅನುಮಾನ ಫ್ಲೈವೀಲ್ ಬಳಿಯ ಕ್ರ್ಯಾಂಕ್ ಸೆನ್ಸಾರ್ ಅಥವಾ ಅದರ ವೈರು. ಎಂಜಿನ್ ತಿರುಗುತ್ತಿದೆ ಎಂಬುದೇ ಗೊತ್ತಾಗದಿದ್ದರೆ ಇಸಿಯು ಡೀಸೆಲ್ ಬಿಡುವುದಿಲ್ಲ. ಎರಡನೆಯದು, ಸೈಲೆನ್ಸರಿನಿಂದ ತೆಳುವಾದ ಬಿಳಿ ಹೊಗೆ ಬರುತ್ತಿದೆಯೇ? ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ, ಅಂದರೆ ಕಂಪ್ರೆಶನ್ ಅಥವಾ ಟೈಮಿಂಗ್ ಕಡೆ ನೋಡಬೇಕು. ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಒಳಗೆ ಹೋಗುತ್ತಲೇ ಇಲ್ಲ.

ಹೋಗದಿರಲು ಸಾಮಾನ್ಯ ಕಾರಣ ರೇಲ್ ಒತ್ತಡ ಸಾಲದಿರುವುದು. ಹೆಚ್ಚಿನ ಕಾಮನ್ ರೇಲ್ ಎಂಜಿನ್‌ಗಳಲ್ಲಿ ಒತ್ತಡ ಸುಮಾರು 200 ಬಾರ್ ಮುಟ್ಟುವವರೆಗೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಲೋಡು ಹೊತ್ತು ಏರುವಾಗ ಅದೇ ಒತ್ತಡ 1,600 ಬಾರ್ ವರೆಗೂ ಹೋಗುತ್ತದೆ. ಸ್ಕ್ಯಾನರ್ ಹಚ್ಚಿದರೆ ಇಂಥ ಗಾಡಿಯಲ್ಲಿ ಪಿ0087 ಎಂಬ ಕೋಡು ಸಿಗುತ್ತದೆ. ರೇಲ್ ಒತ್ತಡ ತೀರಾ ಕಡಿಮೆ ಎಂಬುದು ಅದರ ಅರ್ಥ. ಆ ಕೋಡು ಪಂಪು ಕೆಟ್ಟಿದೆ ಎಂದು ಎಲ್ಲೂ ಹೇಳುವುದಿಲ್ಲ. ಕಟ್ಟಿಕೊಂಡ ಫಿಲ್ಟರ್, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಏರ್, ಪಂಪಿನ ಮೇಲಿನ ಮೀಟರಿಂಗ್ ವಾಲ್ವ್, ಸೋರುವ ಇಂಜೆಕ್ಟರ್, ರೇಲಿನ ತುದಿಯ ಲಿಮಿಟರ್ ವಾಲ್ವ್, ಒತ್ತಡ ಅಳೆಯುವ ಸೆನ್ಸಾರೇ ಸುಳ್ಳು ಹೇಳುತ್ತಿರುವುದು, ಇವುಗಳಲ್ಲಿ ಯಾವುದರಿಂದಲೂ ಅದೇ ಕೋಡು ಬರಬಹುದು. ಕೋಡು ಬಂದ ಕೂಡಲೇ ಪಂಪು ಬಿಚ್ಚುವವರು ಈ ಪಟ್ಟಿಯ ಅತಿ ದುಬಾರಿ ತುದಿಯಿಂದ ಹೊರಡುತ್ತಾರೆ.

ಅಗ್ಗದ ತುದಿಯಿಂದ ಹೊರಡುವುದು ಹೀಗೆ. ಮೊದಲು ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ನೀರು ಬರುತ್ತದೆಯೇ ನೋಡುವುದು. ಮುಂಬೈ ಮಳೆಗಾಲದ ತೇವದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ನೀರು ಕಟ್ಟುತ್ತದೆ, ಅದು ತಳ ಸೇರಿ ಫಿಲ್ಟರಿಗೆ ಬರುತ್ತದೆ. ಆಮೇಲೆ ಫಿಲ್ಟರಿಗೆ ಹೋಗುವ ರಬ್ಬರ್ ಪೈಪಿನ ಜಾಗದಲ್ಲಿ ಪಾರದರ್ಶಕ ಪೈಪು ಜೋಡಿಸಿ ಗುಳ್ಳೆ ಹಾಯುತ್ತವೆಯೇ ನೋಡುವುದು. ಗುಳ್ಳೆ ಕಂಡರೆ ಕ್ಲಿಪ್ಪು, ಬಿರಿದ ಪೈಪು, ಹ್ಯಾಂಡ್ ಪ್ರೈಮರಿನ ವಾಷರ್ ಇಲ್ಲಿ ಹುಡುಕಬೇಕು. ಇದಾದ ಮೇಲೆ ಇಂಜೆಕ್ಟರುಗಳ ಸರದಿ. ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪು ಕಳಚಿ, ನಾಲ್ಕು ಸಣ್ಣ ಬಾಟಲಿಗಳಿಗೆ ಇಳಿಬಿಟ್ಟು, ನಿಗದಿತ ಹೊತ್ತು ಎಂಜಿನ್ ಓಡಿಸಬೇಕು, ಚಾಲೂ ಆಗದ ಗಾಡಿಯಾದರೆ ಸೆಲ್ಫ್ ಮಾತ್ರ ಹೊಡೆಯಬೇಕು. ಮೂರು ಬಾಟಲಿಯಲ್ಲಿ ಡೀಸೆಲ್ ಸರಿಸುಮಾರು ಒಂದೇ ಮಟ್ಟದಲ್ಲಿದ್ದು ನಾಲ್ಕನೆಯದು ತುಂಬಿ ಬಂದರೆ, ಒತ್ತಡ ಬಸಿದುಹೋಗುತ್ತಿರುವುದು ಆ ಇಂಜೆಕ್ಟರಿನಲ್ಲಿ. ಬದಲಿಸಬೇಕಾದ್ದು ಅಥವಾ ರಿಪೇರಿಗೆ ಕಳಿಸಬೇಕಾದ್ದು ಅದೊಂದನ್ನೇ. ಈ ಬಾಟಲಿ ಪರೀಕ್ಷೆಗೆ ತಗಲುವ ಖರ್ಚು ಏನೂ ಇಲ್ಲ ಎನ್ನುವಷ್ಟು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಎಂಜಿನ್‌ಗಳಲ್ಲಿ ಯಾವ ಸಿಲಿಂಡರ್ ಮಿಸ್ಸಿಂಗ್ ಎಂದು ತಿಳಿಯಲು ಓಡುತ್ತಿರುವಾಗಲೇ ನಾಜಲ್ ಪೈಪಿನ ನಟ್ಟು ಸಡಿಲಿಸುವ ರೂಢಿಯಿತ್ತು. ಕಾಮನ್ ರೇಲ್ ಗಾಡಿಯಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಅಷ್ಟು ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಚರ್ಮ ಸೀಳಿ ಒಳಗೆ ಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗಿನ ಮಾಂಸಖಂಡ ಕೊಳೆಯತೊಡಗಿ ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗೇನಾದರೂ ಆದರೆ ನೋವಿಲ್ಲವೆಂದು ಸುಮ್ಮನಿರದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳಬೇಕಾದ ಮಾತಿದು.

ಗಾಡಿ ಚಾಲೂ ಆಗುತ್ತದೆ, ಆದರೆ ಎಳೆಯುವುದಿಲ್ಲ ಎಂಬ ದೂರಿಗೆ ಹೊಗೆಯ ಬಣ್ಣ ದಾರಿ ತೋರಿಸುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿದೆ, ಟರ್ಬೊ ಪೈಪು ಬಿರಿದಿದೆ ಅಥವಾ ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವು ಮಸಿ ಹಿಡಿದು ತೆರೆದೇ ನಿಂತಿದೆ. ಟರ್ಬೊ ಪೈಪಿನ ಕ್ಲಾಂಪಿನ ಸುತ್ತ ಎಣ್ಣೆಯ ಕಲೆ ಹೊಸದಾಗಿ ಕಂಡರೆ ಗಾಳಿ ಸೋರುವ ಜಾಗ ಅದೇ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಬಿಎಸ್-6 ಪಿಕಪ್‌ಗಳಿಗೆ ಈ ನಗರದ ಓಡಾಟವೇ ಒಂದು ಕಷ್ಟ. ಮಸಿ ಹಿಡಿದಿಟ್ಟುಕೊಳ್ಳುವ ಡಿಪಿಎಫ್ ಇರುವ ಗಾಡಿಯಲ್ಲಿ ಆ ಮಸಿ ಸುಟ್ಟು ಬೂದಿಯಾಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಂಟಾಪ್ ಹಿಲ್‌ನಿಂದ ದಾದರ್ ತನಕ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಆ ಬಿಸಿ ಏರುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತು, ದೀಪ ಉರಿದು, ಕೊನೆಗೆ ಇಸಿಯು ಎಂಜಿನ್ನಿನ ಶಕ್ತಿಯನ್ನೇ ಕಡಿತಗೊಳಿಸುತ್ತದೆ. ದೀಪ ಹತ್ತಿದ ಮೊದಲ ಹಂತದಲ್ಲೇ ವಾಹನದ ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಚಾಲಕರು ಯೂರಿಯಾ ಎನ್ನುವ ದ್ರಾವಣ ಬೇಕಾಗುವ ಗಾಡಿಗಳಲ್ಲಿ ಶೇ. 32.5ರ ಪ್ರಮಾಣದ, ಮೊಹರು ಹಾಕಿದ ಮಾಲನ್ನೇ ಹಾಕಬೇಕು. ನಲ್ಲಿ ನೀರಿಗೆ ಹೊಲದ ಗೊಬ್ಬರ ಕದಡಿ ಹಾಕಿದರೆ ಇಂಜೆಕ್ಟರೂ ಕೆಡುತ್ತದೆ, ಕ್ಯಾಟಲಿಸ್ಟೂ ಕೆಡುತ್ತದೆ.

ಇಜಿಆರ್ ಮುಚ್ಚಿಸಿ, ಡಿಪಿಎಫ್ ತೆಗೆಸಿ, ಇಸಿಯುವಿನ ತಂತ್ರಾಂಶ ತಿದ್ದಿಸಿದರೆ ಎಲ್ಲ ತೊಂದರೆಯೂ ಮುಗಿಯಿತು ಎಂಬ ಸಲಹೆ ಈಗ ಧಾರಾಳವಾಗಿ ಸಿಗುತ್ತದೆ. ತಯಾರಕರು ಕೊಟ್ಟ ರಚನೆಯನ್ನು ಹೀಗೆ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ವಾಣಿಜ್ಯ ವಾಹನಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ, ಆ ಗಾಡಿ ಉಗುಳುವ ಮಸಿಯನ್ನು ಉಸಿರಾಡುವವರು ಇದೇ ಆಂಟಾಪ್ ಹಿಲ್‌ನ ಸರ್ಕಾರಿ ವಸತಿಗಳಲ್ಲಿ, ಚಾಳುಗಳಲ್ಲಿ, ಗುಡಿಸಲುಗಳಲ್ಲಿ ಇರುವ ಮಕ್ಕಳು.

ಮಳೆಯ ಮಾತು ಹೇಳದೆ ಮುಂಬೈ ಗಾಡಿಗಳ ಕತೆ ಮುಗಿಯದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನಗರದುದ್ದಕ್ಕೂ ವಾಹನಗಳು ಮುಳುಗಿದವು. ಅಷ್ಟಲ್ಲದಿದ್ದರೂ ಸಾಯನ್, ಕಿಂಗ್ಸ್ ಸರ್ಕಲ್, ಆಂಟಾಪ್ ಹಿಲ್ ತಗ್ಗುಗಳಲ್ಲಿ ಪ್ರತಿ ಮಳೆಗಾಲವೂ ನೀರು ನಿಲ್ಲುತ್ತದೆ. ನೀರಿನಲ್ಲಿ ನಿಂತುಹೋದ ಡೀಸೆಲ್ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯುವುದು ದೊಡ್ಡ ಅನಾಹುತ. ಏರ್ ಫಿಲ್ಟರಿನ ದಾರಿಯಿಂದ ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ನಿಂತಾಗ ಬ್ಯಾಟರಿಯ ನೆಗೆಟಿವ್ ಕಳಚಿ, ಗಾಡಿಯನ್ನು ತಳ್ಳಿಸಿ ಅಥವಾ ಎಳೆಸಿ ಗ್ಯಾರೇಜ್ ಸೇರಿಸಬೇಕು. ಗೇರಿಗೆ ಹಾಕಿ ತಳ್ಳಿಸಿ ಚಾಲೂ ಮಾಡುವ ಪ್ರಯತ್ನವೂ ಅಷ್ಟೇ ಕೇಡಿನದು. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ, ಆಯಿಲ್ ಕಡ್ಡಿ ಎಳೆದು ಹಾಲುಬಣ್ಣಕ್ಕೆ ತಿರುಗಿದೆಯೇ ಪರೀಕ್ಷಿಸಿ, ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ಎಂಜಿನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ ಒಣಗಿಸುವುದನ್ನೂ ಮರೆಯಬಾರದು. ನೀರು ಕಂಡ ಕಪ್ಲರ್ ಅಂದೇ ಕೆಡುವುದಿಲ್ಲ, ತಿಂಗಳುಗಳ ನಂತರ ಹಸಿರು ತುಕ್ಕಾಗಿ ಕಾಡುತ್ತದೆ.

ಇದೆಲ್ಲ ಗುಟ್ಟಿನ ವಿದ್ಯೆಯೇನಲ್ಲ. ಐಟಿಐಗಳಲ್ಲಿ ಒಂದು ವರ್ಷದ ಡೀಸೆಲ್ ಮೆಕ್ಯಾನಿಕ್ ತರಬೇತಿ ಇದೆ. ಆದರೆ ಗ್ಯಾರೇಜಿನಲ್ಲೇ ಬೆಳೆದ ಮೇಸ್ತ್ರಿಗೆ, ಕರಾವಳಿಯಿಂದಲೋ ವಿಜಯಪುರ, ಕಲಬುರಗಿ ಕಡೆಯಿಂದಲೋ ಬಂದು ಮುಂಬೈನಲ್ಲಿ ಗಾಡಿ ಓಡಿಸುವ ಕನ್ನಡಿಗನಿಗೆ ಅದು ದೂರ. ವೈರಿಂಗ್ ನಕ್ಷೆ, ಕೋಡುಗಳ ವಿವರಣೆ ಎಲ್ಲ ಇಂಗ್ಲಿಷಿನಲ್ಲಿ. ಮುಂಬೈನ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ಸಾಹಿತ್ಯಕ್ಕೆ ಕೊಡುವ ಸಭಾಂಗಣವನ್ನು ವರ್ಷಕ್ಕೆ ಒಂದೆರಡು ಭಾನುವಾರ ಚಾಲಕರಿಗೆ, ಮೇಸ್ತ್ರಿಗಳಿಗೆ ಬಿಟ್ಟುಕೊಟ್ಟು, ಮಳೆಗಾಲಕ್ಕೆ ಮೊದಲು ಇಂಥ ಪರೀಕ್ಷೆಗಳನ್ನು ಕನ್ನಡದಲ್ಲೇ ಮಾಡಿ ತೋರಿಸುವ ಏರ್ಪಾಡು ಮಾಡಿದರೆ ನೇರವಾಗಿ ಜನರ ಹೊಟ್ಟೆಪಾಡಿಗೆ ನೆರವಾಗುತ್ತದೆ.

ಅಲ್ಲಿಯವರೆಗೆ ಗಾಡಿ ಮಾಲೀಕರು ಒಂದು ಕೆಲಸ ಮಾಡಬಹುದು. ಯಾವುದೇ ಭಾಗ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದಾಗ ಅಳತೆ ಎಷ್ಟು ಬಂತು ಎಂದು ಕೇಳಿ. ಸೆಲ್ಫ್ ಹೊಡೆಯುವಾಗಿನ ವೋಲ್ಟು, ಅರ್ಥ್ ದಾರಿಯ ನಷ್ಟ, ರೇಲ್ ಒತ್ತಡ, ಸ್ಕ್ಯಾನರಿನ ಕೋಡು, ಬಾಟಲಿಗಳ ಮಟ್ಟ ಇವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಳೆಯದೆ ಬದಲಿಸಿ ಎನ್ನುವವರಿಗೆ ಹಣ ಕೊಡುವ ಮುಂಚೆ ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿ.